ಫೋನಿನಲ್ಲಿ ಬಂದ ಅಮ್ಮನ ಹೆಸರು

ಗುರುವಾರ ಮಧ್ಯಾಹ್ನ ಇನ್ಸಾಫ್ ಶಾಲೆಯ ಕೆಲಸ ಮುಗಿಸಿ ಬಂದಾಗ ಅವಳ ತಾಯಿ ಬಾಲ್ಕನಿಯಲ್ಲಿ ಹಳೆಯ ದುಪ್ಪಟಿ ಹರವಿಕೊಂಡು ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತಿದ್ದರು. ಕೆಳಗೆ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿಕೊಂಡು ಹೋಯಿತು. ಗಂಡ ರಾಫತ್ ಬಂದರಿನ ಗೋದಾಮಿನಿಂದ ಬೇಗ ಬಂದು ಸೋಫಾದಲ್ಲಿ ಕೂತಿದ್ದ. ಅವಳ ಕೈಚೀಲ ಇನ್ನೂ ಹೆಗಲಿನಿಂದ ಇಳಿದಿರಲಿಲ್ಲ.

"ಬ್ಯಾಂಕಿನೋರು ಫೋನ್ ಮಾಡಿದ್ರು," ಎಂದ. "ನಿನ್ನ ಹತ್ರಾನೇ ಮಾತಾಡಬೇಕಂತೆ. ಮತ್ತೆ ಮಾಡ್ತಾರೆ."

ಅವನ ಮುಖದಲ್ಲಿ ತಿಂಗಳುಗಳಿಂದ ಕಾಣದಿದ್ದ ಹಗುರವೊಂದಿತ್ತು. ಇನ್ಸಾಫ್‌ಗೆ ಅದೇ ಯಾಕೋ ಹಿಡಿಸಲಿಲ್ಲ.

ಈ ಮನೆ ಬಿಡಬೇಕಿತ್ತು. ಮಾಲೀಕ ತೀರಿಕೊಂಡ ಮೇಲೆ ಅವನ ಮಕ್ಕಳು ಬೇಸಿಗೆಯೊಳಗೆ ಖಾಲಿ ಮಾಡಿ ಎಂದಿದ್ದರು. ಊರಂಚಿನ ಅಗಮಿಯ ಕಡೆ ಮೂರನೇ ಮಹಡಿಯ ಸಣ್ಣ ಫ್ಲ್ಯಾಟೊಂದನ್ನು ನೋಡಿಟ್ಟಿದ್ದರು. ಅದರ ಅಡುಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಒಂದು ಸೀಳು ಸಮುದ್ರ ಕಾಣುತ್ತಿತ್ತು. ಮುಂಗಡಕ್ಕೆಂದು ಇನ್ಸಾಫ್ ತನ್ನ ಮದುವೆಯ ಬಳೆಗಳನ್ನು ಮಾರಿ ಬಂದ ಹಣವನ್ನು ಖಾತೆಯಲ್ಲಿ ಇಟ್ಟಿದ್ದಳು. ಉಳಿದದ್ದಕ್ಕೆ ಗೃಹಸಾಲ. ಬ್ಯಾಂಕಿನ ಜಾಲತಾಣದಲ್ಲಿ ಅರ್ಜಿಯನ್ನು ಅವಳೇ ಹಾಕಿದ್ದಳು, ಪ್ರತಿ ಸಾಲನ್ನೂ ಎರಡೆರಡು ಸಲ ಓದಿ. ಶಾಲೆಯಲ್ಲಿ ಹೊಲಿಗೆ ಕಲಿಸುವವಳು. ಅಳೆಯದೆ ಕತ್ತರಿ ಆಡಿಸಿದವಳಲ್ಲ. "ಅಕ್ಕಸಾಲಿ ಹಾಗೆ ತೂಗಿ ತೂಗಿ ನೋಡೋದು ಬಿಡು, ಅದು ಬ್ಯಾಂಕು," ಎಂದು ರಾಫತ್ ಆಗ ನಕ್ಕಿದ್ದ.

ಅವನ ಫೋನಿಗೇ ಮತ್ತೆ ಕರೆ ಬಂತು. ರಾಫತ್ ತಾನೇ ಸ್ಪೀಕರ್ ಒತ್ತಿ ನಡುವೆ ಇಟ್ಟ.

ಗೃಹಸಾಲ ವಿಭಾಗದ ಹಾತಿಮ್ ಎಂದು ಹೇಳಿಕೊಂಡ ಆ ದನಿ ಮೃದುವಾಗಿತ್ತು, ಅವಸರವಿಲ್ಲದ್ದು. ಅವಳ ಶಾಲೆಯ ಹೆಸರು ಹೇಳಿತು. ಫ್ಲ್ಯಾಟಿನ ಮಹಡಿ ಹೇಳಿತು. ರಾಫತ್‌ನ ಸಂಬಳವನ್ನೂ ಹೇಳಿತು. ಕೊನೆಗೆ, "ನಿಮ್ಮ ತಾಯಿಯವರ ಹೆಸರು ದೌಲತ್. ಸರಿ ತಾನೇ ಮೇಡಂ?" ಎಂದಿತು.

ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಬೆರಳುಗಳು ನಿಂತವು.

ಅವರ ಊರಿನಲ್ಲಿ ತಾಯಿಯ ಹೆಸರನ್ನು ಯಾರೂ ಬೀದಿಗೆ ತರುವುದಿಲ್ಲ. ಮುದುಕಿಯನ್ನು ನೆರೆಯವರು ಹಿರಿಯ ಮಗನ ಹೆಸರು ಹಿಡಿದು ಸಾಬಿರ್‌ನ ಅಮ್ಮ ಎನ್ನುತ್ತಿದ್ದರು, ಅಳಿಯ ಹಿರಿಯರೆಂಬ ಗೌರವಕ್ಕೆ ಹಾಜ್ಜಾ ಎನ್ನುತ್ತಿದ್ದ. ರಾಫತ್ ಹುಡುಗನಾಗಿದ್ದಾಗ ತನ್ನ ತಾಯಿಯ ಹೆಸರನ್ನು ಶಾಲೆಯ ಅಂಗಳದಲ್ಲಿ ಕೂಗಿದವನ ಹಲ್ಲು ಮುರಿದಿದ್ದನಂತೆ. ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

"ನೋಡಿದ್ಯಾ?" ಎಂದು ಅವನು ಪಿಸುಗುಟ್ಟಿದ. "ಬ್ಯಾಂಕಿನೋನಲ್ಲದೇ ಇದ್ರೆ ಅದು ಹೇಗೆ ಗೊತ್ತಾಗುತ್ತೆ? ನನ್ನ ಸ್ನೇಹಿತರಿಗೇ ನನ್ನಮ್ಮನ ಹೆಸರು ಗೊತ್ತಿಲ್ಲ."

ಸಾಲ ಮಂಜೂರಾಗಿದೆ, ಈಗ ನಿಮ್ಮ ಫೋನಿಗೊಂದು ಸಂಖ್ಯೆ ಬರುತ್ತದೆ, ಅದನ್ನು ಓದಿ ಹೇಳಿದರೆ ಕಡತ ಮುಂದಕ್ಕೆ ಹೋಗುತ್ತದೆ ಎಂದು ಹಾತಿಮ್ ವಿವರಿಸಿದ. ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಎರಡು ದಿನವೂ ವಾರದ ರಜೆ. ಇವತ್ತು ಆಗದಿದ್ದರೆ ಸರದಿಯ ಕೊನೆಗೆ ಹೋಗಬೇಕಾಗುತ್ತದೆ ಎಂದು ಬೇಸರದ ದನಿಯಲ್ಲೇ ಸೇರಿಸಿದ. ಅಷ್ಟರಲ್ಲಿ ಇನ್ಸಾಫ್‌ಳ ಕೈಯಲ್ಲಿದ್ದ ಫೋನ್ ನಡುಗಿತು. ಸಂಖ್ಯೆ ಬಂದಿತ್ತು.

ಅವಳ ಮನಸ್ಸು ಮಾತ್ರ ಆ ಹೆಸರಿನ ಹತ್ತಿರವೇ ನಿಂತಿತ್ತು. ದೌಲತ್. ಅಪ್ಪ ಹೋದ ಮೇಲೆ ಆ ಹೆಸರನ್ನು ಯಾರೂ ಗಟ್ಟಿಯಾಗಿ ಉಚ್ಚರಿಸಿದ್ದನ್ನು ಅವಳು ಕೇಳಿರಲಿಲ್ಲ. ಯಾರು ಹೊರಗೆ ಬಿಟ್ಟರು? ಮೊದಲು ಕಣ್ಣ ಮುಂದೆ ಬಂದವಳು ನಾದಿನಿ ಶಾದಿಯಾ. ಹೋದ ವಾರವಷ್ಟೇ ಬಂದು, ಅಮ್ಮನ ಪಕ್ಕ ಕೂತು, ಹಳೆಯ ಕಥೆಗಳನ್ನೆಲ್ಲ ಕೆದಕಿ ಕೆದಕಿ ಕೇಳಿದ್ದಳು. ಮಾಟ ಮಾಡುವವರು ಮೊದಲು ಕೇಳುವುದೇ ತಾಯಿಯ ಹೆಸರನ್ನು ಎಂದು ಅಮ್ಮ ಹೇಳಿದಾಗ ಬಾಯಿ ಮುಚ್ಚಿಕೊಂಡು ನಕ್ಕವಳೂ ಅವಳೇ. ಅವಳ ಆ ನಗು, ಎಲ್ಲವನ್ನೂ ಸುತ್ತ ನೋಡುವ ಕಣ್ಣು, ಹೊಸ ಮನೆ ಎಲ್ಲಿ, ಎಷ್ಟು ದೊಡ್ಡದು ಎಂಬ ಪ್ರಶ್ನೆಗಳು. ಒಂದೊಂದೂ ಈಗ ಮತ್ತೊಂದಕ್ಕೆ ಹೊಲಿದಂತೆ ಕೂಡಿಕೊಂಡವು.

"ಓದಿ ಹೇಳು," ಎಂದ ರಾಫತ್. "ಅನುಮಾನ ಪಡ್ತಾ ಪಡ್ತಾ ಮನೆ ಕಳ್ಕೋತೀಯ ನೀನು. ಬೇಸಿಗೆಗೆ ಹಾಜ್ಜಾನ ಎಲ್ಲಿ ಕೂರಿಸ್ತೀಯ, ಟ್ರಾಮ್‌ನಲ್ಲಾ?"

ಅದು ಅವಳಿಗೆ ತಾಗಿತು. ಸುಳ್ಳಲ್ಲದ ಮಾತು. ಅವಳು ಸಂದೇಶ ತೆರೆದಳು. ಆದರೂ ಓದಲಿಲ್ಲ.

"ನನ್ನ ತಾಯಿ ಹೆಸರು ಇನ್ನೊಂದ್ಸಲ ಹೇಳಿ," ಎಂದಳು ಫೋನಿಗೆ.

"ದೌಲತ್, ಮೇಡಂ."

"ನಿಮ್ಮ ಬ್ಯಾಂಕಿನ ಕಾಗದದಲ್ಲಿ ಹಾಗೇ ಇದೆಯಾ?"

"ನನ್ನ ಕಣ್ಣೆದುರಿಗೇ ಇದೆ. ಸಂಖ್ಯೆ ಹೇಳಿಬಿಡಿ."

ಇನ್ಸಾಫ್ ಕರೆ ಕತ್ತರಿಸಿದಳು.

ರಾಫತ್ ಎದ್ದು ನಿಂತ. ಏನು ಮಾಡಿದೆ ಎಂದು ಕೇಳುವ ಮೊದಲೇ ಅವಳು ಬ್ಯಾಂಕಿನ ಕಾರ್ಡಿನ ಹಿಂದೆ ಅಚ್ಚಾಗಿದ್ದ ಸಂಖ್ಯೆಗೆ ಕರೆ ಮಾಡಲು ಶುರುಮಾಡಿದ್ದಳು. ಕಾಯುವ ಸಂಗೀತ ಬರುತ್ತಿರುವಾಗಲೇ ಅವನಿಗೆ ಹೇಳಿದಳು. ಅಮ್ಮ ಹುಟ್ಟುವ ಮೊದಲು ಅವರ ಮನೆಯಲ್ಲೊಂದು ಹೆಣ್ಣುಮಗು ತೀರಿಕೊಂಡಿತ್ತು. ಅಜ್ಜ ಹೊಸ ಮಗುವಿಗೆ ಮತ್ತೆ ಕಚೇರಿ ಅಲೆಯುವುದೇಕೆಂದು ಹಳೆಯ ಜನನಪತ್ರವನ್ನೇ ಇಟ್ಟುಕೊಂಡರು. ಹಾಗಾಗಿ ಸರಕಾರದ ಪಾಲಿಗೆ ಅಮ್ಮ ಸತ್ತ ಅಕ್ಕನ ಹೆಸರಿನವಳು, ಖದ್ರಾ. ಬ್ಯಾಂಕಿನ ಅರ್ಜಿಯಲ್ಲಿ ಇನ್ಸಾಫ್ ಬರೆದದ್ದೂ ಖದ್ರಾ ಎಂದೇ. ದೌಲತ್ ಈ ಗೋಡೆಗಳೊಳಗಿನ ಹೆಸರು.

"ಬ್ಯಾಂಕಿಗೆ ಈ ಹೆಸರು ಗೊತ್ತೇ ಇಲ್ಲ, ರಾಫತ್. ಹೇಳಿದ್ರೆ ನಮ್ಮ ಮನೆಯೋರೇ ಹೇಳಿರಬೇಕು."

ನಿನ್ನ ತಂಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳು ಗಂಡನ ಮುಖ ನೋಡಿದಳು. ಅವನು ಮೆಲ್ಲನೆ ಮತ್ತೆ ಸೋಫಾದಲ್ಲಿ ಕೂತ.

ಆಚೆ ಬದಿಯಲ್ಲಿ ಒಬ್ಬ ಹುಡುಗಿ ಫೋನೆತ್ತಿದಳು. ಅವರ ಕಡತ ಇನ್ನೂ ಮೊದಲ ಮೇಜಿನಲ್ಲೇ ಇತ್ತು. ಬ್ಯಾಂಕು ಫೋನಿನಲ್ಲಿ ಯಾರಿಂದಲೂ ಸಂಖ್ಯೆ ಕೇಳುವುದಿಲ್ಲ, ಅದನ್ನು ಹೇಳಿದ್ದರೆ ಖಾತೆಯ ಬಾಗಿಲು ತೆರೆದುಕೊಳ್ಳುತ್ತಿತ್ತು ಎಂದಳು. ಖಾತೆಗೆ ಕೂಡಲೇ ತಡೆ ಹಾಕಿದಳು; ರಜೆ ಮುಗಿದು ಭಾನುವಾರ ಇಬ್ಬರೂ ಶಾಖೆಗೆ ಬನ್ನಿ, ಪೊಲೀಸರಿಗೂ ದೂರು ಕೊಡಿ ಎಂದಳು. ಬಳೆಗಳ ಹಣ ಇದ್ದಲ್ಲೇ ಇತ್ತು. ಇನ್ಸಾಫ್‌ಳ ಹೆಗಲಿನಿಂದ ಕೈಚೀಲ ಇಳಿದದ್ದು ಆಮೇಲೆ.

ರಾಫತ್ ತಾನಾಗಿಯೇ ಹೇಳಿದ. ಫೇಸ್‌ಬುಕ್ಕಿನಲ್ಲಿ ಒಂದು ಪುಟ ಕಂಡಿತ್ತು, ಎಲ್ಲ ಬ್ಯಾಂಕುಗಳ ಸಾಲವನ್ನೂ ಬೇಗ ಕೊಡಿಸುತ್ತೇವೆ ಎಂದು. ಗುರುತಿನ ಚೀಟಿ, ಸಂಬಳದ ಪತ್ರ, ಫ್ಲ್ಯಾಟಿನ ವಿವರ, ಅವಳ ಶಾಲೆಯ ಹೆಸರು, ಅವಳ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದು. ಅವರು ಬ್ಯಾಂಕಿಗೆ ಮುಟ್ಟಿಸುತ್ತಾರೆಂದು ನಂಬಿ ಎಲ್ಲವನ್ನೂ ಕಳಿಸಿದ್ದ.

"ಅಮ್ಮನ ಹೆಸರನ್ನೂ?"

"ಕೇಳಿತ್ತು. ಖಾನೆ ಖಾಲಿ ಬಿಟ್ರೆ ಮುಂದಕ್ಕೆ ಹೋಗ್ತಿರ್ಲಿಲ್ಲ." ಫೋನನ್ನು ಮಗುಚಿಟ್ಟು ಹೇಳಿದ, "ಮಾಲೀಕನ ಮಗ ದಿನಾ ಮೆಟ್ಟಿಲಲ್ಲಿ ನಿಂತು ನನ್ನ ಮುಖ ನೋಡ್ತಾನೆ, ಇನ್ಸಾಫ್. ನಿನ್ನ ಬಳೆ ಮಾರಿಸಿದ ಮೇಲೂ ನನ್ನ ಕೈಲಿ ಏನೂ ಆಗ್ಲಿಲ್ಲ ಅನ್ಸಿತ್ತು."

ಇನ್ಸಾಫ್ ಬೈಯಲೆಂದೇ ಅವನತ್ತ ತಿರುಗಿದ್ದಳು. ಅವಳಿಗೆ ಶಾದಿಯಾ ನೆನಪಾದಳು. ಮನೆಯ ಗುಟ್ಟು ಹೊರಗೆ ಹೋಯಿತೆಂದರೆ ತನ್ನ ಅನುಮಾನವೂ ನೇರವಾಗಿ ಒಬ್ಬ ಹೆಂಗಸಿನ ಮೇಲೇ ಹೋಗಿ ಕೂತಿತಲ್ಲ.

"ಹುಡುಗ್ರು ಕೂಗಿದ್ದಕ್ಕೆ ಹಲ್ಲು ಮುರಿದೋನು," ಎಂದು ಬಾಲ್ಕನಿಯಿಂದ ಮುದುಕಿಯ ದನಿ ಬಂತು. "ಮಿಷನ್ನು ಕೇಳಿದ್ರೆ ಬರ್ಕೊಟ್ಟ."

ರಾಫತ್ ತಲೆ ತಗ್ಗಿಸಿಕೊಂಡು ಹೋಗಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತ. "ತಪ್ಪಾಯ್ತು, ಹಾಜ್ಜಾ."

ಮುದುಕಿ ಅವನತ್ತ ನೋಡಲಿಲ್ಲ. ಮಗಳನ್ನು ಕೇಳಿದರು, "ಫೋನಿನೋನು ನನ್ನ ಹೆಸರನ್ನ ಹೇಗೆ ಅಂದ? ಚೆನ್ನಾಗಿ ಅಂದನಾ?"

"ಚೆನ್ನಾಗೇ ಅಂದ, ಅಮ್ಮ."

"ನಿಮ್ಮಪ್ಪ ಹೋದ ಮೇಲೆ ಕೇಳಿರಲಿಲ್ಲ. ಕೇಳೋ ಹಾಗಾಗಿದ್ದು ಕಳ್ಳನ ಬಾಯಲ್ಲಿ." ಒಂದು ಕಡ್ಡಿಯಿಂದ ಎಲೆಗಳನ್ನೆಲ್ಲ ಒಮ್ಮೆಗೇ ಎಳೆದು ಹಾಕಿದರು. "ಒಂದು ಗಳಿಗೆ ನನಗೆ ಎದ್ದು ಬರಬೇಕು ಅನ್ನಿಸ್ತು ನೋಡು."

ಸಂಜೆ ಇನ್ಸಾಫ್ ಮುಲೂಖಿಯ್ಯಾ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಒಂದು ಡಬ್ಬಿ ತುಂಬಿ ಶಾದಿಯಾಳ ಮನೆಗೆ ಕೊಟ್ಟು ಬರಲು ರಾಫತ್‌ಗೆ ಹೇಳಿದಳು. ಏನು ವಿಶೇಷ ಎಂದು ಅವನು ಕೇಳಿದ. ಏನಿಲ್ಲ, ಬಿಸಿ ಆರುವ ಮೊದಲು ಕೊಡು ಎಂದಳು.

ಭಾನುವಾರ ಶಾಖೆಯಲ್ಲಿ ಕನ್ನಡಕದ ಗುಮಾಸ್ತೆ ಅವರ ದೂರಿನ ಪ್ರತಿ ತೆಗೆದುಕೊಂಡು, ಗೃಹಸಾಲದ ಅರ್ಜಿಗೆ ತೊಂದರೆಯಿಲ್ಲ, ತಡವಾಗಬಹುದು ಅಷ್ಟೇ ಎಂದಳು. ಆಮೇಲೆ ಇನ್ಸಾಫ್‌ಳ ಕಡೆಗೆ ಒಂದು ಚೂರು ಕಾಗದ ಸರಿಸಿದಳು. ಇನ್ನು ಮುಂದೆ ಖಾತೆಯವರು ನೀವೇ ಎಂದು ಖಚಿತಪಡಿಸಿಕೊಳ್ಳಲು ತಾಯಿಯ ಹೆಸರಿನ ಬದಲು ಬೇರೇನಾದರೂ ಬರೆಯಿರಿ, ನಿಮಗೆ ಮಾತ್ರ ಗೊತ್ತಿರುವಂಥದ್ದು ಎಂದಳು.

ನನಗೆ ಮಾತ್ರ ಗೊತ್ತಿರುವಂಥದ್ದು. ಹಾಗೆಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಇನ್ಸಾಫ್ ತುಸು ಹೊತ್ತು ಯೋಚಿಸಿದಳು. ತುಟಿಯ ಕೊನೆಯಲ್ಲಿ ನಗು ಬಂತು. ಪರೀಕ್ಷೆಯಲ್ಲಿ ಹುಡುಗಿಯರು ಮಾಡುವಂತೆ ಎಡಗೈ ಮರೆ ಮಾಡಿಕೊಂಡು ಬರೆಯತೊಡಗಿದಳು. ಪಕ್ಕದ ಕುರ್ಚಿಯಲ್ಲಿದ್ದ ರಾಫತ್ ಅಭ್ಯಾಸಬಲದಿಂದ ಕುತ್ತಿಗೆ ಚಾಚಿದವನು ತಟ್ಟನೆ ಹಿಂದಕ್ಕೆ ಸರಿದ. ಆಮೇಲೆ ಎದ್ದು, ಅವಳಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಹಾಕಿ ನಿಂತುಕೊಂಡ. ಅವಳು ಮುಗಿಯಿತು ಎನ್ನುವವರೆಗೂ ತಿರುಗಲಿಲ್ಲ.

ಮನೆಗೆ ಬಂದಾಗ ಬಾಲ್ಕನಿಯಿಂದಲೇ ಪ್ರಶ್ನೆ ಬಂತು.

"ನನ್ನ ಹೆಸರಿನ ಜಾಗದಲ್ಲಿ ಏನು ಬರೆದೆ?"

"ಹೇಳೋ ಹಾಗಿಲ್ಲ, ಅಮ್ಮ."

ಮುದುಕಿ ಮಗಳ ಮುಖವನ್ನೊಮ್ಮೆ ನೋಡಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಹಾಗೇ ಇರು," ಎಂದರು. "ನನಗೂ ಹೇಳಬೇಡ."