ತಲೆ, ಬಾಲ, ನಡುವೆ ಅಕ್ಕ

“ಬಾಲ ಎಡಕ್ಕೆ ಎಳ್ಕೊಳ್ಳೋಕೆ ಹೇಳು ಆ ಎಮ್ಮೆಗೆ,” ಎಂದಿತು ಬಲ ಸೊಂಟದಲ್ಲಿದ್ದ ವಾಕಿಟಾಕಿ.

ಅಕ್ಕ ಎಡ ಸೊಂಟದ್ದನ್ನು ಕಿತ್ತು ಬಾಯಿಗೆ ಹಿಡಿದಳು. “ರೀ, ದೊಡ್ಡ ಮನಸ್ಸು ಮಾಡಿ ಬಾಲ ಸ್ವಲ್ಪ ಎಡಕ್ಕೆ ತಗೋತೀರಾ ಅಂತ ಕೇಳ್ತಿದಾನೆ.”

“ಯಾಕಂತೆ ದೊರೆಗೆ?” ಎಂದಿತು ಎಡಗಡೆಯದು.

“ಮೊದಲು ತಗೊಳ್ಳಿ, ಆಮೇಲೆ ಕೇಳಿ.”

ಅಷ್ಟರಲ್ಲಿ ಆಗಬಾರದ್ದು ಮುಕ್ಕಾಲು ಆಗಿಹೋಗಿತ್ತು. ರಸ್ತೆಯ ತಿರುವಿನಲ್ಲಿ ಟ್ರೈಲರಿನ ಮೇಲೆ ಮಲಗಿ ಸಾಗುತ್ತಿದ್ದ ಮನೆಯೆತ್ತರದ ಉಕ್ಕಿನ ಕೊಳವೆ ತನ್ನ ಹೊಟ್ಟೆಯನ್ನು ಬಲಕ್ಕೆ ಉಬ್ಬಿಸಿಕೊಂಡು ಹೋಗಿ, ದರ್ಜಿ ಅಂಗಡಿಯ ಮೊದಲ ಮಹಡಿಯ ಬಾಲ್ಕನಿಯ ಮುಂದೆ ನಿಂತಿತು. ಕಂಬಿಗೂ ಉಕ್ಕಿಗೂ ನಡುವೆ ಎರಡು ಬೆರಳು ಜಾಗ. ಬಾಲ್ಕನಿಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ದರ್ಜಿ ಕಾಲು ನಿಲ್ಲಿಸಿದ, ಕನ್ನಡಕ ಹಣೆಗೇರಿಸಿದ, ತನ್ನ ಬೆಳಕನ್ನೆಲ್ಲ ನುಂಗಿ ನಿಂತ ಆ ಬೂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

“ಏನಮ್ಮಾ,” ಎಂದ ಕೆಳಗೆ ಬಗ್ಗಿ, “ಇದು ಒಳಗೆ ಬರುತ್ತಾ, ಹೊರಗೇ ಇರುತ್ತಾ? ಬರೋದಾದ್ರೆ ಹೇಳಿ, ಮೆಷಿನ್ ಪಕ್ಕಕ್ಕೆ ಇಡ್ತೀನಿ.”

“ಹೊರಗೇ ಇರುತ್ತೆ ಅಣ್ಣಾ. ನೀವು ಅಲ್ಲಾಡಬೇಡಿ,” ಎಂದಳು ಅಕ್ಕ.

ಅಕ್ಕ ಎಂದರೆ ಹುಟ್ಟಿನಿಂದ ಒಬ್ಬನಿಗೆ ಮಾತ್ರ ಅಕ್ಕ. ಆದರೆ ಬಂದರಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಕ್ರೇನಿನ ಮುದುಕನೂ ಸೇರಿ. ಹಡಗಿನಿಂದ ಇಳಿದ ದೊಡ್ಡ ಕಬ್ಬಿಣಗಳನ್ನು ರಸ್ತೆಯ ಮೇಲೆ ಕಾರ್ಖಾನೆಗಳಿಗೆ ಮುಟ್ಟಿಸುವುದು ಅವಳ ಮನೆಯವರ ಕಸುಬು. ಗಾಡಿಯ ತಲೆ ತಮ್ಮನದು, ಬಾಲ ಗಂಡನದು. ಎಳೆಯುವ ಲಾರಿಯನ್ನು ತಮ್ಮ ಕೊಂಡಿದ್ದ; ಅದರ ಹಿಂದೆ ಜರಿಹುಳದ ಕಾಲಿನ ಹಾಗೆ ಚಕ್ರಗಳನ್ನು ಸಾಲಿಟ್ಟುಕೊಂಡು ಬರುವ ಟ್ರೈಲರನ್ನು ಗಂಡ ಕೊಂಡಿದ್ದ. ತಮ್ಮ ಮುಂದೆ ಕೂತು ಸ್ಟಿಯರಿಂಗ್ ತಿರುಗಿಸಿದರೆ, ಗಂಡ ಕತ್ತಿಗೆ ಒಂದು ಪೆಟ್ಟಿಗೆ ನೇತುಹಾಕಿಕೊಂಡು, ಅದರ ಗುಂಡಿಗಳನ್ನು ಒತ್ತುತ್ತ, ಹಿಂದೆ ಹಿಂದೆ ನಡೆದುಕೊಂಡೇ ಬಾಲದ ಚಕ್ರಗಳನ್ನು ತಿರುಗಿಸುತ್ತಿದ್ದ. ಅಕ್ಕನದು ಎಲ್ಲರಿಗಿಂತ ಮುಂದೆ ಕೆಂಪು ಬಾವುಟ ಕಟ್ಟಿಕೊಂಡು ದಾರಿ ಬಿಡಿಸುತ್ತ ಹೋಗುವ ಜೀಪು. ಅದು ಬಾಡಿಗೆಯದು.

ತಲೆಯೂ ಬಾಲವೂ ಒಂದು ಕಾಲದಲ್ಲಿ ಚೆನ್ನಾಗಿಯೇ ಇದ್ದವು. ಎರಡು ವರ್ಷದ ಹಿಂದೆ ಒಂದು ಬಸ್ ತಂಗುದಾಣ ಸತ್ತಿತು. ಮುಂದಿನವನು ಬೇಗ ತಿರುಗಿಸಿದ ಎಂದು ಹಿಂದಿನವನು, ಹಿಂದಿನವನು ತಡವಾಗಿ ತಿರುಗಿಸಿದ ಎಂದು ಮುಂದಿನವನು. ಯಾರ ಅರ್ಧದಿಂದ ಕಂಬ ಮುರಿಯಿತು ಎಂಬುದರ ಮೇಲೆ ಅಲ್ಲೇ ರಸ್ತೆಯಲ್ಲಿ ನಿಂತು ಮೂರು ತಲೆಮಾರು ಎತ್ತಾಡಿದರು. ಹೊಸ ಕಂಬ ಬಂತು, ತಗಡಿನ ಚಾವಣಿ ಮತ್ತೆ ಎದ್ದಿತು, ಬಸ್ಸುಗಳೂ ನಿಂತವು. ಭಾವ ಭಾಮೈದರ ಮಾತು ಮಾತ್ರ ಬಿದ್ದಲ್ಲೇ ಬಿದ್ದಿತ್ತು. “ಅವನ ದನಿ ನನ್ನ ಕಿವಿಗೆ ಬೀಳಕೂಡದು,” ಎಂದು ಇಬ್ಬರೂ ವಾಕಿಟಾಕಿಯ ಚಾನೆಲ್ ಬೇರೆ ಮಾಡಿಕೊಂಡರು. ಚಾನೆಲ್ ಎರಡಾದರೂ ಸೊಂಟ ಒಂದೇ ಇತ್ತು, ಅಕ್ಕನದು.

ಅವಳು ಕೇಳಿದ್ದನ್ನು ಕೇಳಿದ ಹಾಗೆ ದಾಟಿಸುವವಳಲ್ಲ. ‘ಕತ್ತೆ’ ಅವಳ ಬಾಯಿಂದ ‘ಭಾವ’ ಆಗಿ ಹೊರಬರುತ್ತಿತ್ತು. ‘ಕುರುಡ’ ‘ಒಂಚೂರು ನೋಡಪ್ಪಾ’ ಆಗುತ್ತಿತ್ತು. ಈ ಕಡೆ ಕಲ್ಲು ಹಾಕಿದರೆ ಆ ಕಡೆ ಕಲ್ಲುಸಕ್ಕರೆ ಬೀಳುವ ಯಂತ್ರವಾಗಿಬಿಟ್ಟಿದ್ದಳು. ಯಂತ್ರವಾದ ಮೇಲೆ ಅದಕ್ಕೊಂದು ಹೊತ್ತು ಬೇಕಲ್ಲ. ಬೈಗುಳ ಸೋಸಿ, ಸಿಹಿ ಬೆರೆಸಿ, ಆಚೆ ಕೊಡುವುದರಲ್ಲಿ ಚಕ್ರ ಒಂದು ಸುತ್ತು ಉರುಳಿರುತ್ತಿತ್ತು. ಎಲ್ಲಿಯಾದರೂ ಒಂದು ಗಿಡದ ಕೊಂಬೆ ಮುರಿದರೆ, ಒಂದು ಕಲ್ಲು ಕಿತ್ತರೆ, “ಅಕ್ಕ ಹೇಳಿದ್ದು ತಡ ಆಯ್ತು,” ಎನ್ನುತ್ತಿದ್ದ ತಮ್ಮ. “ಅವಳು ಹೇಳಿದ್ದು ತಡ ಆಯ್ತು,” ಎನ್ನುತ್ತಿದ್ದ ಗಂಡ. ಅದೊಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಅಕ್ಕ “ಹೌದು, ತಡ ಆಯ್ತು,” ಎಂದು ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು. ಮೂವರೂ ಇದ್ದದ್ದು ಒಂದೇ ಮನೆಯಲ್ಲಿ. ಈ ಕಡೆ ಒಂದು ಕೋಣೆ, ಆ ಕಡೆ ಒಂದು ಕೋಣೆ, ನಡುವೆ ಅಡುಗೆಮನೆ.

ಅವಳ ಭಯ ಅಡುಗೆಮನೆಯದೇ. “ಅವನ ಬಾಯಿಂದ ಒಂದು ಬೈಗುಳ ನೇರ ನನ್ನ ಕಿವಿಗೆ ಬಿತ್ತೋ, ಟ್ರೈಲರ್ ಕಳಚ್ಕೊಂಡು ಹೊರಟೆ ಅಂತ ತಿಳ್ಕೋ,” ಎಂದಿದ್ದ ಗಂಡ. “ಅವನು ಒಂದು ಮಾತು ನನಗೆ ನೇರ ಆಡ್ಲಿ, ಅವತ್ತೇ ಲಾರಿ ಮಾರ್ತೀನಿ, ಮನೇಗೂ ಕಾಲಿಡಲ್ಲ,” ಎಂದಿದ್ದ ತಮ್ಮ. ತಲೆ ಒಂದು ದಿಕ್ಕಿಗೆ, ಬಾಲ ಒಂದು ದಿಕ್ಕಿಗೆ ಹೊರಟರೆ ನಡುವಿನವಳು ಯಾರ ಹಿಂದೆ ಓಡಬೇಕು? ಒಬ್ಬನನ್ನು ಎತ್ತಿ ಆಡಿಸಿದ್ದಳು, ಇನ್ನೊಬ್ಬನನ್ನು ಕಟ್ಟಿಕೊಂಡಿದ್ದಳು. ಹಾಗಾಗಿ ಸಕ್ಕರೆ ಬೆರೆಸುತ್ತಲೇ ಇದ್ದಳು.

ಈಗ ಕೊಳವೆ ಬಾಲ್ಕನಿಗೆ ಹೊಟ್ಟೆ ಕೊಟ್ಟು ನಿಂತಿತ್ತು. ಮುಂದೆ ಎಳೆದರೆ ದರ್ಜಿಯ ಕಂಬಿ ಹೋಗುತ್ತದೆ. ಹಾಗೇ ಹಿಂದೆ ತಳ್ಳಿದರೆ ಎದುರಿನ ಗೋಡೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ: ತಮ್ಮ ಹಿಂದಕ್ಕೆ ಬಿಡುತ್ತಿದ್ದ ಹಾಗೆಯೇ, ಅದೇ ಉಸಿರಿನಲ್ಲಿ, ಗಂಡ ಬಾಲವನ್ನು ಎಡಕ್ಕೆ ಎಳೆಯಬೇಕು. ತಿರುವಿನಿಂದಾಗಿ ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ, ಹಿಂದಿನವನಿಗೆ ಮುಂದಿನವನು ಕಾಣುವುದಿಲ್ಲ. ಇಬ್ಬರೂ ಕಾಣುವುದು ಜೀಪಿನಿಂದಿಳಿದು ಮೂಲೆಯಲ್ಲಿ ನಿಂತ ಅಕ್ಕನಿಗೆ ಮಾತ್ರ.

“ನಾನು ಬಿಟ್ಟೆ ಅಂತ ಹೇಳು ಆ ಗೂಬೆಗೆ,” ಎಂದ ತಮ್ಮ.

“ರೀ, ಅವನು ಬಿಡ್ತಿದಾನಂತೆ, ನೀವೂ ದಯವಿಟ್ಟು—”

ಉಕ್ಕು ನರಳಿತು. ಎರಡು ಬೆರಳು ಒಂದಾಯಿತು.

“ನಿಂತ್ಕೋ,” ಎಂದು ಅಕ್ಕ ಎರಡು ವಾಕಿಟಾಕಿಯಲ್ಲೂ ಕೂಗಿದಳು. ಎಲ್ಲವೂ ನಿಂತಿತು. ಇನ್ನೊಂದು ಸಲ ಪ್ರಯತ್ನಿಸಿದರು. ಈ ಸಲ ಗಂಡ, “ಆ ಅವಸರದ ಆಂಜನೇಯನಿಗೆ ನಿಧಾನ ಕಲಿಯೋಕೆ ಹೇಳು,” ಎಂದ. ಅಕ್ಕ ಅದನ್ನು, “ನಿನ್ನ ಕೈ ಬಹಳ ಚೆಂದ ಕಣಪ್ಪಾ, ಸ್ವಲ್ಪ ನಿಧಾನ ಅಂತಿದಾರೆ ಭಾವ,” ಎಂದು ತಿದ್ದುವಷ್ಟರಲ್ಲಿ ಕಂಬಿಗೂ ಉಕ್ಕಿಗೂ ನಡುವೆ ಒಂದು ಕಾಗದ ತೂರಿಸುವಷ್ಟು ಜಾಗ ಉಳಿಯಿತು.

ದರ್ಜಿ ಎದ್ದು ಮೆಷಿನ್ನನ್ನು ಎರಡೂ ಕೈಯಲ್ಲಿ ಅಪ್ಪಿ ಒಳಗಿಟ್ಟು ಬಂದ. ಕಂಬಿಗೆ ಒರಗುವುದು ಬೇಡವೆನಿಸಿ ಬಾಗಿಲ ಚೌಕಟ್ಟಿಗೆ ಒರಗಿದ.

“ಅಮ್ಮಾ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ,” ಎಂದ. “ಕೆಲವರು ಬರ್ತಾರೆ, ನಮ್ಮನೆಯವರಿಗೆ ಅಂಗಿ ಹೊಲೀರಿ ಅಂತಾರೆ. ಅಳತೆ ಕೇಳಿದ್ರೆ, ನನಗಿಂತ ಇಷ್ಟು ಎತ್ತರ, ಇಷ್ಟು ದಪ್ಪ ಅಂತ ಕೈಯಲ್ಲಿ ತೋರಿಸ್ತಾರೆ. ಪ್ರೀತಿಗೆ ಒಂದಿಂಚು ಜಾಸ್ತಿನೇ ತೋರಿಸ್ತಾರೆ. ಮೂವತ್ತು ವರ್ಷದಲ್ಲಿ ಅಂಥ ಒಂದು ಅಂಗೀನೂ ಸರಿಯಾಗಿ ಕೂತಿಲ್ಲ.”

“ನಿಮಗೆ ಗೊತ್ತಿಲ್ಲ ಅಣ್ಣಾ. ಇವರಿಬ್ಬರೂ ನೇರ ಮಾತಾಡಿದ್ರೆ ಮನೆ ಒಡೆಯುತ್ತೆ.”

“ಮಾತಾಡದಿದ್ರೆ ನನ್ನ ಮನೆ ಒಡೆಯುತ್ತೆ,” ಎಂದ ದರ್ಜಿ.

ಅಕ್ಕ ಬಾಲ್ಕನಿಯನ್ನು ನೋಡಿದಳು. ಅಲ್ಲಿ ತಂತಿಯ ಮೇಲೆ ಅರ್ಧ ಹೊಲಿದ ಒಂದು ಪ್ಯಾಂಟು ಉಕ್ಕಿಗೆ ಕಾಲು ತಗುಲಿಸಿಕೊಂಡು ತೂಗುತ್ತಿತ್ತು. ಬಲ ಸೊಂಟದ್ದನ್ನು ಬಾಯಿಗೆ ಹಿಡಿದು, “ಮಗಾ, ಕೊರಕೊರ ಅಂತಿದೆ, ಏನೂ ಕೇಳಿಸ್ತಿಲ್ಲ. ಏಳನೇ ನಂಬರಿಗೆ ತಿರುಗಿಸ್ಕೋ,” ಎಂದಳು. ಎಡ ಸೊಂಟದ್ದನ್ನು ಹಿಡಿದು, “ರೀ, ಕೊರಕೊರ ಅಂತಿದೆ, ಏಳಕ್ಕೆ ತಿರುಗಿಸಿ,” ಎಂದಳು. ತನ್ನ ಎರಡರಲ್ಲಿ ಒಂದನ್ನು ಏಳಕ್ಕೆ ತಿರುಗಿಸಿ, ಕೈಯಲ್ಲಿ ಹಿಡಿದು, ಬಾಯಿ ಮುಚ್ಚಿಕೊಂಡು ಫುಟ್‌ಪಾತಿನ ಅಂಚಿಗೆ ಕೂತಳು.

“ಅಕ್ಕಾ, ಆ ಎಮ್ಮೆಗೆ ಹೇಳು—” ಎಂದಿತು ತಮ್ಮನ ದನಿ.

“ಯಾರೋ ಎಮ್ಮೆ?” ಎಂದಿತು ಗಂಡನ ದನಿ.

ಅಕ್ಕ ಮನಸ್ಸಿನಲ್ಲೇ ಅಡುಗೆಮನೆಯ ಪಾತ್ರೆಗಳನ್ನು ಎರಡು ಪಾಲು ಮಾಡತೊಡಗಿದಳು. ದೊಡ್ಡ ಬಾಣಲೆ ಯಾರಿಗೆ ಎಂಬಲ್ಲಿ ತಡವರಿಸಿದಳು.

“ಭಾವನಾ?” ಎಂದ ತಮ್ಮ.

“ಹೂಂ. ಎಮ್ಮೆ ಅಂತ ನನಗೇ ಅಂದಿದ್ದಾ?”

“ಮತ್ತೆ ಇನ್ನಾರಿಗೆ. ಎರಡು ವರ್ಷದಿಂದ ಅದೇ ಅಂತಿದೀನಿ. ಅಕ್ಕ ಹೇಳ್ಲಿಲ್ವಾ?”

“ಅವಳು, ‘ದೊಡ್ಡ ಮನಸ್ಸು ಮಾಡಿ’ ಅಂತ ನೀನು ಅಂದೆ ಅಂತಿದ್ಲು. ದೊಡ್ಡ ಮನಸ್ಸಂತೆ. ಬೇಕಂತ್ಲೇ ಅಣಕಿಸ್ತಿದೀಯ ಅಂತ ತಿಂದ ಅನ್ನ ಮೈಗೆ ಹತ್ತುತಿರಲಿಲ್ಲ ನನಗೆ.”

“ನನ್ನ ಪಾಡು ಕೇಳು. ‘ನಿನ್ನ ಕೈ ಬಹಳ ಚೆಂದ’ ಅಂತ ನಿನ್ನಿಂದ ಬರ್ತಿತ್ತು. ನನ್ನ ಕೈ ನೋಡಿ ನಗ್ತಾನಲ್ಲ ಇವನು, ಅಂತ ಮೈಯೆಲ್ಲ ಉರಿ.”

“ನಾನು ಅಂದಿದ್ದು ನಿನ್ನ ಕೈ ಸೇದಿಹೋಗ್ಲಿ ಅಂತ.”

“ಹಾಗೋ,” ಎಂದ ತಮ್ಮ. ಅವನ ದನಿಯಲ್ಲಿ ಹೊರೆ ಇಳಿಸಿದವನ ನೆಮ್ಮದಿ ಇತ್ತು. “ಅದಾದ್ರೆ ಸರಿ.”

ಮೇಲೆ ದರ್ಜಿ ಬಾಯಿಗೆ ಟೇಪು ಅಡ್ಡ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಎರಡು ವರ್ಷ ತಾನು ಬೆರೆಸಿದ ಸಕ್ಕರೆಯೆಲ್ಲ ಕಣ್ಣ ಮುಂದೆ ಗುಡ್ಡೆಬಿದ್ದ ಹಾಗಾಯಿತು.

“ಈಗ ಬಿಡ್ತೀನಿ. ಎಡಕ್ಕೆ ಎಳಿ ಎಮ್ಮೆ.”

“ಎಳೆದೆ ಕತ್ತೆ. ನಿಧಾನ.”

“ಇದಕ್ಕಿಂತ ನಿಧಾನ ಬೇಕಾದ್ರೆ ಇಳಿದು ಮಲಗಬೇಕು. ಬಂತಾ?”

“ಬಂತು. ಇನ್ನೂ ಬಿಡು. ಬಿಡೋ, ನಿನ್ನ ಗಂಟೇನು ಹೋಗುತ್ತೆ. ಹಾಂ. ಈಗ ಮುಂದೆ.”

ಒಂದೊಂದು ಬೈಗುಳಕ್ಕೂ ಒಂದೊಂದು ಗೇಣು ಹೊಟ್ಟೆ ಒಳಗೆಳೆದುಕೊಳ್ಳುತ್ತ ಕೊಳವೆ ಬಾಲ್ಕನಿಯಿಂದ ದೂರ ಸರಿಯಿತು. ದರ್ಜಿಗೆ ಬೆಳಕು ಮರಳಿ ಬಂತು. ತಲೆ ತಿರುವು ದಾಟಿತು, ಹೊಟ್ಟೆ ದಾಟಿತು, ಬಾಲವೂ ದಾಟುತ್ತಿತ್ತು.

“ಸಾಕಾ?” ಎಂದ ಗಂಡ.

“ಸಾಕು,” ಎಂದ ತಮ್ಮ, ತಿರುವು ದಾಟಿದ್ದರಿಂದ ಈಗ ಕನ್ನಡಿಯಲ್ಲಿ ಬಾಲ ಕಂಡು.

ಬಾಲದ ತುದಿ ದರ್ಜಿಯ ಬೋರ್ಡಿಗೆ ಬಡಿಯಿತು. ಬೋರ್ಡು ಒಂದು ಮೊಳೆ ಕಳಚಿಕೊಂಡು ಗಡಿಯಾರದ ಮುಳ್ಳಿನ ಹಾಗೆ ಕೆಳಗೆ ಜೋತಿತು. ಅದರ ಮೇಲೆ ಬರೆದಿದ್ದ ಕೋಟು ಹಾಕಿದ ಮನುಷ್ಯ ಅಡ್ಡಡ್ಡ ಮಲಗಿದ.

“ನೀನು ‘ಸಾಕು’ ಅಂದಿದ್ದು ತಡ,” ಎಂದ ಗಂಡ.

“‘ಸಾಕು’ ಅಂದ್ಮೇಲೂ ಗುಂಡಿ ಒತ್ತಿದ್ದು ನೀನು,” ಎಂದ ತಮ್ಮ.

ಅಕ್ಕ ಫುಟ್‌ಪಾತಿನಿಂದ ಅರ್ಧ ಎದ್ದಳು. ಬಸ್ ತಂಗುದಾಣದ ಜಗಳ ಮೊದಲಾದದ್ದೂ ಇಂಥದೇ ಎರಡು ಮಾತಿನಿಂದ.

“ಇಬ್ಬರದೂ,” ಎಂದು ಮೇಲಿನಿಂದ ಕೂಗಿದ ದರ್ಜಿ. “ಅಮ್ಮನ ಕೈಯಲ್ಲಿರೋ ಡಬ್ಬಿಯಿಂದ ಇಡೀ ಬೀದಿಗೆ ಕೇಳಿಸಿದೆ. ಅವರು ಅಂದಿದ್ದು ತಡ, ಇವರು ಗುಂಡಿ ಬಿಟ್ಟಿದ್ದು ತಡ. ಸುತ್ತಿಗೆ ನನ್ನ ಹತ್ರ ಇದೆ, ಇಬ್ಬರೂ ಬನ್ನಿ.”

ಎದುರು ಮನೆಯ ಕಿಟಕಿಗಳಲ್ಲಿ ತಲೆಗಳು ಆಡಿದವು, ಹೌದು ಎಂಬಂತೆ. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ. ಗಂಡ ಏಣಿ ಹತ್ತಿ ಮೊಳೆ ಹೊಡೆದ, ತಮ್ಮ ಕೆಳಗೆ ಬೋರ್ಡು ಎತ್ತಿ ಹಿಡಿದ. “ಓರೆ ಇದೆ,” ಎಂದ ತಮ್ಮ. “ನಿನ್ನ ಕಣ್ಣು ಓರೆ ಇದೆ,” ಎಂದ ಗಂಡ. ಯಾರೂ ಯಾವುದನ್ನೂ ಕಳಚಿಕೊಂಡು ಎಲ್ಲಿಗೂ ಹೋಗಲಿಲ್ಲ. ಅಕ್ಕ ಜೀಪಿಗೆ ಹೋಗಿ ಕೂತಳು. ಮನಸ್ಸಿನಲ್ಲಿ ಪಾಲು ಮಾಡಿದ ಪಾತ್ರೆಗಳನ್ನೆಲ್ಲ ಮತ್ತೆ ಒಂದೇ ಕಡೆ ಜೋಡಿಸಿಟ್ಟಳು. ಕೈಯಲ್ಲಿದ್ದ ವಾಕಿಟಾಕಿಯನ್ನೂ ಸೊಂಟದಲ್ಲಿ ಉಳಿದಿದ್ದದ್ದನ್ನೂ ಪಕ್ಕದ ಸೀಟಿಗೆ ಎಸೆದಳು. ಸೊಂಟಕ್ಕೆ ಗಾಳಿಯಾಡಿತು.

ಕೆಲಸ ಮುಗಿಸಿ ಇಬ್ಬರೂ ಬಂದರು, ಒಟ್ಟಿಗೆ, ಒಂದೇ ಹೆಜ್ಜೆ ಹಾಕಿಕೊಂಡು. ಅದನ್ನು ನೋಡಿಯೇ ಅಕ್ಕನಿಗೆ ಅನುಮಾನ ಬಂತು.

“ನೇರ ಮಾತಾಡಿದ್ದು ಒಳ್ಳೇದೇ ಆಯ್ತು ಕಣೇ,” ಎಂದ ಗಂಡ, ಜೀಪಿನ ಬಾಗಿಲಿಗೆ ಮೊಣಕೈ ಊರಿ. “ಬೈಗುಳದಿಂದ ಏನೂ ಆಗಲ್ಲ.”

“ಆದ್ರೆ?” ಎಂದಳು ಅಕ್ಕ.

ಗಂಡ ತಮ್ಮನ ಮುಖ ನೋಡಿದ. ತಮ್ಮ ಕೆಮ್ಮಿದ.

“ಆದ್ರೆ ಅಕ್ಕಾ, ತಪ್ಪಾದ್ರೆ ಯಾರ ತಪ್ಪು ಅಂತ ಅಲ್ಲೇ ಗೊತ್ತಾಗಿಬಿಡುತ್ತೆ,” ಎಂದ. “ಇಡೀ ಬೀದಿ ಕೇಳಿಸ್ಕೊಳ್ಳುತ್ತೆ. ಮುಂಚೆ ಹಾಗಿರ್ಲಿಲ್ಲ ನೋಡು. ನೀನು ಹೇಳಿದ್ದು ತಡ ಆಯ್ತು ಅಂತ ನನಗೂ ಒಂದು ಸಮಾಧಾನ, ಭಾವನಿಗೂ ಒಂದು ಸಮಾಧಾನ.”

“ಮನೇಲಿ ನೆಮ್ಮದಿ ಇತ್ತು,” ಎಂದ ಗಂಡ.

“ಅದಕ್ಕೇ ಇಬ್ಬರೂ ಯೋಚನೆ ಮಾಡಿದ್ವಿ.” ತಮ್ಮ ಕಿಟಕಿಯೊಳಗೆ ಕೈಚಾಚಿ ಸೀಟಿನ ಮೇಲಿದ್ದ ಎರಡೂ ವಾಕಿಟಾಕಿ ಎತ್ತಿಕೊಂಡ. ಒಂದನ್ನು ಭಾವನ ಕೈಗೆ ಕೊಟ್ಟ. ಇಬ್ಬರೂ ಒಂದೊಂದನ್ನು ಅವಳ ಮುಂದೆ ಹಿಡಿದರು. “ಇವತ್ತಿಗೆ ಇದು ಇಟ್ಕೋ. ಮುಂದಿನ ಸಲ ಹೊಸದು ಕೊಡಿಸ್ತೀವಿ, ಕಿವಿಗೆ ಸಿಕ್ಕಿಸ್ಕೊಳ್ಳೋದು. ಕೈಗೆ ಭಾರ ಇಲ್ಲ. ಬೈದಿದ್ದನ್ನ ಬೈದ ಹಾಗೇ ಹೇಳು, ಸಕ್ಕರೆ ಬೇಡ. ನಡುವೆ ನೀನು ಇದ್ರೆ ಸಾಕು.”

ಅಕ್ಕ ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟಳು.

“ಬೇಡ,” ಎಂದಳು.