ಟೆಂಪೋ ಹತ್ತದ ಜ್ಯೋತಿ

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ನಮ್ಮ ಅತ್ತೆ ಜಿಜಾಬಾಯಿ ಈ ಮಾತನ್ನು ಬೀದರದ ನಮ್ಮ ಓಣಿಯ ಮನೆಮನೆಗೂ ಮುಟ್ಟಿಸಿದ್ದಾರೆ. ಮುಟ್ಟಿಸಲಿ ಬಿಡಿ, ಸುಳ್ಳೇನಲ್ಲ. ಆದರೆ ಹೋದ ಏಪ್ರಿಲ್‌ನಲ್ಲಿ ನನಗೆ ಬಂದ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ.

ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಯ ಹಿಂದಿನ ದಿನ ನಮ್ಮ ಓಣಿಯ ಕಮಿಟಿಯವರು ಬೀದರದಲ್ಲಿ ಜ್ಯೋತಿ ಹಚ್ಚಿ, ಪಂಜು ಕೈಯಲ್ಲಿ ಹಿಡಿದು ಓಡುತ್ತ ಜನವಾಡಕ್ಕೆ ಮುಟ್ಟಿಸಬೇಕು. ಅಲ್ಲಿಂದ ಮುಂದೆ ಔರಾದ ಕಡೆಯ ಹುಡುಗರು ಅದನ್ನು ಊರಿಂದ ಊರಿಗೆ ಎಕಂಬಾದವರೆಗೂ ಒಯ್ಯುತ್ತಾರೆ. ಕಟ್ಟಳೆ ಎರಡೇ. ಜ್ಯೋತಿ ದಾರಿಯಲ್ಲಿ ನಿಲ್ಲಬಾರದು, ಗಾಡಿ ಹತ್ತಬಾರದು. ಹೆಂಗಸರ ಪಾಲಿಗೆ ಬರುವುದು ರವೆಯ ಸೀರಾ ತಿರುವುವುದು, ಶರಬತ್ತು ಮಾಡುವುದು, ಬಿಳಿ ಸೀರೆ ಉಟ್ಟು ಸಾಲಾಗಿ ನಿಲ್ಲುವುದು.

ನಾನೂ ನಿಂತವಳೇ. ಆದರೆ ಆ ಏಪ್ರಿಲ್‌ಗೆ ಹಿಂದಿನ ವರ್ಷ ಜಯಂತಿಯ ಹಿಂದಿನ ದಿನ ನಾನು ಎಕಂಬಾದಲ್ಲಿರುವ ಅಕ್ಕನ ಮನೆಯಿಂದ ಕೂಸನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಜನವಾಡ ದಾಟಿ ಸ್ವಲ್ಪ ಮುಂದೆ ಬಸ್ಸು ಯಾರನ್ನೋ ಇಳಿಸಲು ನಿಂತಿತು. ಕಿಟಕಿಯಿಂದ ನೋಡಿದರೆ ನಮ್ಮ ಕಮಿಟಿಯ ಟೆಂಪೋ ನಿಂತಿದೆ. ಜ್ಯೋತಿ ಟೆಂಪೋದ ಮೂಲೆಯಲ್ಲಿ ಒಂದು ಬಕೆಟ್ಟಿನೊಳಗೆ ಕೂತಿದೆ. ಓಡಬೇಕಾದ ಗಂಡಸರೆಲ್ಲ ಕಲ್ಲಂಗಡಿ ತಿನ್ನುತ್ತಿದ್ದಾರೆ. ತಿಂದು ಮುಗಿಸಿ ಕೆಳಗಿಳಿದರು, ಬೆವರಿನಂತೆ ಕಾಣಲೆಂದು ಮುಖಕ್ಕೆ, ಅಂಗಿಗೆ ನೀರು ಚಿಮುಕಿಸಿಕೊಂಡರು, ಜೈಕಾರ ಹಾಕುತ್ತ ಊರ ಕಡೆ ಓಡಿದರು. ಅಲ್ಲಿ ಹೆಂಗಸರು ಅವರಿಗೆ ಶರಬತ್ತು ಹಿಡಿದುಕೊಂಡು ಕಾಯುತ್ತಿದ್ದರು. ನನಗೆ ಬಸ್ಸಿನಲ್ಲೇ ಮೈ ಉರಿದುಹೋಯಿತು.

ಮರುವರ್ಷ ಕಮಿಟಿಯ ಮೀಟಿಂಗ್ ಕರೆದಾಗ ಎದ್ದು ನಿಂತು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಧ್ಯಕ್ಷರಾದ ಗೋರಖನಾಥಣ್ಣ ಮೊದಲು ಕೆಮ್ಮಿದರು. ಆಮೇಲೆ ಬಿಸಿಲಿನ ಮಾತು ತೆಗೆದರು, ಮನಸ್ಸಿನಲ್ಲಿ ಭಕ್ತಿ ಇದ್ದರೆ ಸಾಕು ಎಂದರು. ಹಾಗಿದ್ದರೆ ಓಡುವುದನ್ನು ನನಗೆ ಕೊಡಿ, ಭಕ್ತಿಯನ್ನು ನೀವು ಇಟ್ಟುಕೊಳ್ಳಿ ಎಂದೆ. ಹೆಂಗಸರ ಕಡೆಯಿಂದ ನಗು ಕೇಳಿಸಿತು. ಜನವಾಡದ ಗಡಿಯಿಂದ ಅಲ್ಲಿಯ ಬುದ್ಧವಿಹಾರದವರೆಗೆ ನಾಲ್ಕು ಹೆಜ್ಜೆ ಓಡು, ಫೋಟೋ ಚಂದ ಬರುತ್ತದೆ ಎಂದು ಗೋರಖನಾಥಣ್ಣ ದೊಡ್ಡ ಮನಸ್ಸು ಮಾಡಿದರು. ನನಗದು ಬೇಡ, ಬೀದರದ ಗುಡ್ಡದ ಇಳಿಜಾರು ಮುಗಿದಲ್ಲಿಂದ ಜನವಾಡದ ಗಡಿಯವರೆಗಿನ ದಾರಿ ಬೇಕು ಎಂದೆ.

“ತಂಗಿ, ಅಲ್ಲಿ ಗಿಡ ಇಲ್ಲ, ನೆಳ್ಳ ಇಲ್ಲ. ನೋಡಲಿಕ್ಕಿ ಒಬ್ಬ ಮನಷ್ಯಾ ಸುದ್ದಾ ಇರಂಗಿಲ್ಲ,” ಎಂದರು.

“ನೋಡವರು ಇಲ್ಲದ ಜಾಗಾನೇ ನನಗ ಕೊಡ್ರಿ ಅಣ್ಣಾ. ನೋಡವರು ಇರೋ ಜಾಗಾ ನಿಮಗ ಇರಲಿ.”

ಆ ದಾರಿ ಯಾರಿಗೂ ಬೇಕಾಗಿರಲಿಲ್ಲ. ಕೊಟ್ಟರು. ಆದರೆ ಎಲ್ಲರ ಮುಂದೆ ಕರಾರು ಹಾಕಿದರು. ನಾನು ಒಂದು ಸಲ ಟೆಂಪೋ ಹತ್ತಿದರೆ ಸಾಕು, ಮುಂದೆ ಯಾವ ವರ್ಷವೂ ಹೆಂಗಸರು ಜ್ಯೋತಿಯ ಹೆಸರೆತ್ತಬಾರದು. ಹತ್ತದೆ ಮುಟ್ಟಿಸಿದರೆ ಬರುವ ವರ್ಷದಿಂದ ಹೆಂಗಸರಿಗೂ ಪಾಲು. ಆದರೆ ಗಡಿ ಮುಟ್ಟಿದ ಕೂಡಲೇ ಜ್ಯೋತಿಯನ್ನು ಅಧ್ಯಕ್ಷರ ಕೈಗೆ ಕೊಡಬೇಕು, ಊರೊಳಗೆ ಒಯ್ಯುವವರು ಅವರೇ. ಸಿಟ್ಟಿನ ಭರದಲ್ಲಿ ಎಲ್ಲಕ್ಕೂ ಹೂಂ ಎಂದು ಮಾತು ಕೊಟ್ಟೆ.

ಮನೆಗೆ ಬಂದ ಮೇಲೆ ಅತ್ತೆ ಶುರು ಮಾಡಿದರು. ಎರಡು ಮಕ್ಕಳ ತಾಯಿ, ಚಿಕ್ಕದು ಇನ್ನೂ ಹಾಲು ಬಿಟ್ಟಿಲ್ಲ, ಇವಳಿಗೆ ಓಟದ ಹುಚ್ಚು. ಭಾಲ್ಕಿಯ ಸಾಲೆಯಲ್ಲಿ ಓಡಿ ಸ್ಟೀಲಿನ ಡಬ್ಬಿ ಗೆದ್ದವಳೆಂದು ಗೊತ್ತಿದ್ದರೆ ಈ ಸಂಬಂಧವನ್ನೇ ಮಾಡುತ್ತಿರಲಿಲ್ಲ ಎಂದರು. ಆ ಡಬ್ಬಿಯಲ್ಲೇ ನಿಮ್ಮ ಎಲೆಅಡಿಕೆ ಇದೆ ಎಂದೆ. ನನ್ನ ಗಂಡ ನಾಗಸೇನ ಕರೆಂಟಿನ ಕೆಲಸದವನು, ಎರಡು ತಂತಿಗಳ ನಡುವೆ ಕೈ ಹಾಕುವವನಲ್ಲ. ಮರುದಿನ ಸಂಜೆ ಬರುವಾಗ ಒಂದು ಜೋಡಿ ಬೂಟು ತಂದಿಟ್ಟ. ಗಂಡಸರದು, ನನಗೆ ದೊಡ್ಡದು. ತುದಿಗೆ ಬಟ್ಟೆ ತುರುಕಿಕೊಂಡೆ.

ಎರಡು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಓಡುವ ಹೊತ್ತು ಎಲ್ಲಿ ಸಿಗುತ್ತದೆ ಹೇಳಿ. ಬೆಳಿಗ್ಗೆ ನಳ ಬರುತ್ತದೆ, ಹಂಡೆ ತುಂಬಬೇಕು, ರೊಟ್ಟಿ ಬಡಿಯಬೇಕು. ಸಂಜೆ ಮೈದಾನದ ತುಂಬ ಕ್ರಿಕೆಟ್ಟಿನ ಹುಡುಗರು. ಉಳಿಯುವುದು ಮಧ್ಯಾಹ್ನ ಒಂದೇ, ಎಲ್ಲರೂ ಬಾಗಿಲು ಹಾಕಿಕೊಂಡು ಮಲಗುವ ಹೊತ್ತು. ನಾನು ಆಗ ಓಡಿದೆ. ಸಾಲೆಗೆ ಸೂಟಿ ಇದ್ದದ್ದರಿಂದ ಮಗಳು ಆಮ್ರಪಾಲಿ ಬೇವಿನ ಗಿಡದ ಕೆಳಗೆ ಕೂತು ನನ್ನ ಸುತ್ತು ಎಣಿಸುತ್ತಿದ್ದಳು. ಅವಳಿಗೆ ಹತ್ತರವರೆಗೆ ಮಾತ್ರ ಬರುತ್ತಿತ್ತು, ಹತ್ತಾದ ಮೇಲೆ ಮತ್ತೆ ಒಂದು. ಹಾಗಾಗಿ ಎಷ್ಟು ಓಡಿದೆನೋ ನನಗೂ ಗೊತ್ತಿಲ್ಲ. ಚಿಕ್ಕವನು, ಮಿಲಿಂದ, ಅತ್ತೆಯ ತೊಡೆಯ ಮೇಲೆ ಮಲಗಿರುತ್ತಿದ್ದ. ನಾನು ಬೆವರು ಸುರಿಸುತ್ತ ಒಳಗೆ ಬಂದರೆ ಅತ್ತೆ ಬೈಯುತ್ತಲೇ ಮಜ್ಜಿಗೆ ಕೊಡುತ್ತಿದ್ದರು. ಬೈಗುಳ ನಿಲ್ಲಲಿಲ್ಲ, ಮಜ್ಜಿಗೆಯೂ ನಿಲ್ಲಲಿಲ್ಲ.

ಆ ದಿನ ಬಂತು. ನಸುಕಿಗೆ ಹೊರಡಬೇಕಾದ ಜ್ಯೋತಿ ಹೊರಡಲಿಲ್ಲ. ಹಚ್ಚಬೇಕಾದ ದೊಡ್ಡವರು ತಡವಾಗಿ ಬಂದರು, ಬಂದವರು ಭಾಷಣಕ್ಕೆ ನಿಂತರು. ಬೀದರ ಬಿಡುವ ಹೊತ್ತಿಗೆ ಡಾಂಬರು ಕಾದ ಹೆಂಚಾಗಿತ್ತು. ಇಳಿಜಾರು ಮುಗಿಯುವವರೆಗೆ ನಾಲ್ಕೈದು ಜನ ಹುಡುಗರು ಕೈ ಬದಲಿಸುತ್ತ ಓಡಿದರು. ಈ ಸಲ ನನ್ನ ಕಣ್ಣು ಅವರ ಮೇಲಿತ್ತು, ಹಾಗಾಗಿ ಯಾರೂ ಟೆಂಪೋ ಹತ್ತಲಿಲ್ಲ. ಗುಡ್ಡದ ಬುಡಕ್ಕೆ ಬಂದು ಪಂಜನ್ನು ನನ್ನ ಕೈಗೆ ಕೊಟ್ಟು, ಟೆಂಪೋ ಹತ್ತಿ ಮಲಗಿಬಿಟ್ಟರು.

ಟೆಂಪೋ ನಬೀಸಾಬರದು. ಮುಂದೆ ಅವರ ಪಕ್ಕದಲ್ಲಿ ಗೋರಖನಾಥಣ್ಣ, ಹಿಂದೆ ಹುಡುಗರ ನಡುವೆ ನಮ್ಮ ಅತ್ತೆ ಮತ್ತು ಮಕ್ಕಳು. ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ, ಓಣಿಯ ಹೆಂಗಸರೆಲ್ಲ ಮುಂಜಾನೆಯೇ ಅಡುಗೆಗೆಂದು ಜನವಾಡಕ್ಕೆ ಹೋಗಿದ್ದರು. ನಾಗಸೇನ ಅಲ್ಲಿ ಮೈಕು, ಲೈಟು ಕಟ್ಟುತ್ತಿದ್ದ. ಮುಂದೆ ಹೋಗಿ ಕಾಯೋಣ ಎಂದು ಗೋರಖನಾಥಣ್ಣ ಅಂದರಂತೆ. ಒಬ್ಬ ಹೆಣ್ಣುಮಗಳನ್ನು ಈ ಬಿಸಿಲಲ್ಲಿ ಬಿಟ್ಟು ಮುಂದೆ ಹೋಗುವ ಗಾಡಿ ಇದಲ್ಲ ಎಂದು ನಬೀಸಾಬರು ನನ್ನ ಬೆನ್ನಿಗೇ ಬಂದರು.

ಓಡಿದೆ. ನಾಗಸೇನನ ಹಳೆಯ ಬಿಳಿ ಅಂಗಿ, ಟ್ರ್ಯಾಕ್ ಪ್ಯಾಂಟು, ತಲೆಗೆ ನೀಲಿ ಬಟ್ಟೆ. ಎಡಬಲಕ್ಕೆ ಕಪ್ಪು ನೆಲ ಬರಿದಾಗಿ ಬಿರುಕು ಬಿಟ್ಟಿತ್ತು. ಮೇಲೆ ಸೂರ್ಯ, ಕೈಯಲ್ಲಿ ಬೆಂಕಿ, ಕೆಳಗೆ ಡಾಂಬರು. ಪಂಜಿನ ಎಣ್ಣೆ ಮಣಿಕಟ್ಟಿನ ಮೇಲೆ ಹನಿಯುತ್ತಿತ್ತು. ಕೈ ಸೋತರೆ ಇನ್ನೊಂದು ಕೈ. ಬೂಟಿನೊಳಗಿನ ಬಟ್ಟೆ ಮುದ್ದೆಯಾಗಿ ಬೆರಳಿಗೆ ಚುಚ್ಚತೊಡಗಿತು. ಸಾಯುತ್ತೇನೇನೋ ಅನ್ನಿಸಿತು. ಆದರೆ ಹಿಂದಿನ ವರ್ಷದ ಆ ಕಲ್ಲಂಗಡಿಯ ನೆನಪು ಬಂದರೆ ಸಾಕು, ಕಾಲು ತಾನಾಗಿಯೇ ಎದ್ದು ಬೀಳುತ್ತಿತ್ತು.

ಜನವಾಡದ ನೀರಿನ ಟ್ಯಾಂಕು ಕಂಡಿತು. ಆಗಲೇ ಹಿಂದೆ ಮಿಲಿಂದ ಎಚ್ಚರಾದ. ಕಣ್ಣು ಬಿಟ್ಟವನಿಗೆ ರಸ್ತೆಯಲ್ಲಿ ಓಡುತ್ತಿರುವ ತಾಯಿ ಕಂಡಳು, ಕೈಗೆ ಸಿಗುವುದಿಲ್ಲ. ಅಳು ಶುರುವಾಯಿತು. ಅತ್ತೆ ನೀರು ಕೊಟ್ಟರು, ಬಿಸ್ಕೀಟು ಕೊಟ್ಟರು, ಆಮ್ರಪಾಲಿ ತನಗೆ ಬರುವ ಹತ್ತನ್ನೂ ಎಣಿಸಿ ತೋರಿಸಿದಳು. ಅವನು ಎಲ್ಲವನ್ನೂ ಎಸೆದ. ಬಿಸಿಲಿಗೆ ಕೂಸಿನ ಮುಖ ಕೆಂಡವಾಗಿತ್ತು, ಅಳು ಬಿಕ್ಕಳಿಕೆಗೆ ತಿರುಗಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನ್ನ ಎದೆ ತಾನಾಗಿಯೇ ಒದ್ದೆಯಾಯಿತು. ಇದು ಬೆವರಲ್ಲ ಎಂದು ನನಗೆ ಗೊತ್ತಾಯಿತು.

ಗೋರಖನಾಥಣ್ಣ ಕಿಟಕಿಯಿಂದ ತಲೆ ಹೊರಹಾಕಿದರು. ಮೋಸದ ದನಿಯಲ್ಲ ಅದು, ಅವರಿಗೂ ಮಕ್ಕಳಿವೆ.

“ತಂಗಿ, ಹಟಾ ಬ್ಯಾಡ. ಎರಡು ನಿಮಿಷ ಮ್ಯಾಲ ಹತ್ತಿ ಕೂಡು, ಕೂಸಿಗಿ ಕುಡಿಸು. ಇಲ್ಲಿ ಯಾರು ನೋಡ್ತಾರ?”

“ನಾ ನೋಡ್ತೇನಲ್ರಿ ಅಣ್ಣಾ,” ಎಂದೆ.

ಅಂದದ್ದೇನೋ ಅಂದೆ. ಹತ್ತಿದರೆ ಹೆಂಗಸರ ಪಾಲು ಹೋಯಿತು. ನಿಂತರೆ ಜ್ಯೋತಿ ನಿಂತಿತು, ಆಗಲೂ ಹೋಯಿತು. ಓಡಿದರೆ ಕೂಸು. ಅಳುತ್ತಿರುವ ಮಗನ ಮುಂದೆ ನನ್ನ ಹಟ ಯಾವ ಲೆಕ್ಕದ್ದು ಎಂದು ಕಣ್ಣಲ್ಲಿ ನೀರು ಬಂತು. ಹುಡುಗರಿಗೆ ಕೊಡೋಣವೆಂದರೆ ಅದು ಹೆಂಗಸು ಮುಟ್ಟಿಸಿದ ಹಾಗೆ ಆಗುತ್ತಿರಲಿಲ್ಲ. ಜ್ಯೋತಿ ನಿಲ್ಲಬಾರದೆಂದು ಪಂಜು ಎತ್ತಿ ಹಿಡಿದು, ಸಣ್ಣ ಹೆಜ್ಜೆ ಹಾಕುತ್ತಲೇ ಟೆಂಪೋದ ಕಡೆ ತಿರುಗಿ ನೋಡಿದೆ.

ಅತ್ತೆ ನಬೀಸಾಬರ ಗಾಡಿಯ ಬಾಗಿಲು ಬಡಿದರು. ಟೆಂಪೋ ನಿಂತಿತು. ಕೂಸನ್ನು ಕಂಕುಳಲ್ಲಿ ಹಿಡಿದು, ಕಾಸಿ ಹಾಕಿದ ಕಚ್ಚೆ ಸೀರೆಯ ಚುಂಗು ಬಿಗಿದು ಕೆಳಗಿಳಿದರು. ಬಿಸಿಲಿಗೆ ಕಾದ ಹಾಲು ಹಾಗೇ ಕುಡಿಸಬೇಡ, ಎದೆಗೆ ನೀರು ಹಚ್ಚು, ಮೊದಲ ಹನಿ ನೆಲಕ್ಕೆ ಹಿಂಡು, ಉಸಿರು ಇಳಿದ ಮೇಲೆ ಕೊಡು ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂಸನ್ನು ನನ್ನ ಸೊಂಟಕ್ಕೆ ಹಚ್ಚಿದರು. ಇನ್ನೊಂದು ಕೈಯಿಂದ ಪಂಜು ಕಿತ್ತುಕೊಂಡರು.

“ಕಾಕು, ನಿಮಗ ಓಡಲಿಕ್ಕಿ ಆಗತದೇನು?” ಎಂದು ಗೋರಖನಾಥಣ್ಣ ಅತ್ತೆಯನ್ನು ಕೇಳಿದರು.

“ನಿಲ್ಲಬಾರದು ಅಂದೀರಿ. ನಡೀಬಾರದು ಅಂತ ಯಾವಾಗ ಅಂದೀರಿ?” ಎಂದು ಅತ್ತೆ ಹೊರಟೇಬಿಟ್ಟರು.

ನಾನು ಟೆಂಪೋದ ನೆರಳಿನಲ್ಲಿ, ರಸ್ತೆಯ ಬದಿಯ ಮಣ್ಣಿನ ಮೇಲೆ ಕೂತು ಮಗನಿಗೆ ಕುಡಿಸಿದೆ. ನಬೀಸಾಬರು ಹುಡುಗರನ್ನೆಲ್ಲ ಆ ಕಡೆ ಮುಖ ಮಾಡಿ ಕೂರಿಸಿದರು, ತಾವೂ ತಿರುಗಿ ನಿಂತರು. ಗೋರಖನಾಥಣ್ಣ ಮಾತ್ರ ಕೂರಲಿಲ್ಲ. ಅತ್ತೆ ಗಡಿ ಮುಟ್ಟುವುದರೊಳಗೆ ತಾವು ಅಲ್ಲಿರಬೇಕಲ್ಲ, ಹಿಂದಿನಿಂದ ಬರುತ್ತಿದ್ದ ಯಾರದೋ ಬೈಕು ನಿಲ್ಲಿಸಿ ಹತ್ತಿ ಹೋದರು. ಮಿಲಿಂದ ಕುಡಿಯುತ್ತ ಬಿಕ್ಕುತ್ತ, ಬಿಕ್ಕುತ್ತ ಕುಡಿಯುತ್ತ ಸಮಾಧಾನವಾದ. ದೂರದಲ್ಲಿ ಅತ್ತೆಯ ಬಿಳಿ ಸೀರೆ ಬಿಸಿಲಲ್ಲಿ ಅಲುಗುತ್ತ ಸಣ್ಣದಾಗುತ್ತ ಹೋಯಿತು. ಒಂದು ಸಲವೂ ನಿಲ್ಲಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು, ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಓಡಿದೆ. ಆಮ್ರಪಾಲಿಯೂ ಇಳಿದು ಹಿಂದೆ ಬಂದಳು.

ಗಡಿಯಲ್ಲಿ ಹಲಗೆ ಬಾರಿಸುತ್ತಿದ್ದರು. ಸಾಲಾಗಿ ನಿಂತ ಹೆಂಗಸರು, ಎತ್ತಿ ಹಿಡಿದ ಮೊಬೈಲುಗಳು, ಎಲ್ಲರ ಮುಂದೆ ಕೊರಳಲ್ಲಿ ಹಾರ ಹಾಕಿಕೊಂಡು ಗೋರಖನಾಥಣ್ಣ. ಅಂಗಿಗೆ ನೀರು ಚಿಮುಕಿಸಿಕೊಂಡಿದ್ದರೋ ಇಲ್ಲವೋ, ನಾನು ಹೇಳಲಾರೆ. ಅತ್ತೆ ಹತ್ತಿರ ಬಂದ ಕೂಡಲೇ ಕೈ ಚಾಚಿದರು. ಅತ್ತೆ ಪಂಜನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ಅವರ ಪಕ್ಕದಿಂದ ದಾಟಿದರು.

“ಕಾಕು, ನಿಮ್ಮ ಸೊಸಿ ಎಲ್ಲರ ಮುಂದ ಮಾತು ಕೊಟ್ಟಾಳ. ಗಡಿ ಮುಟ್ಟಿದ ಮ್ಯಾಲ ಜ್ಯೋತಿ ನನ್ನ ಕೈಗಿ,” ಎಂದು ಬೆನ್ನು ಹತ್ತಿದರು. ಅಷ್ಟರಲ್ಲಿ ನಾನೂ ಮುಟ್ಟಿದ್ದೆ. ನನ್ನನ್ನು ನೋಡಿ, ನೀನೇ ಹೇಳು ತಂಗಿ ಎಂದರು. ನಾನು ಮಗನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡೆ.

ಅತ್ತೆ ಹೆಜ್ಜೆ ನಿಲ್ಲಿಸದೆ, ತಿರುಗದೆ ಹೇಳಿದರು. “ಮಾತು ಕೊಟ್ಟಾಕಿ ಆಕಿ, ಗೋರಖ್ಯಾ. ಆಕಿ ಕೈಯಾಗ ಕೂಸ ಅದ. ನಾ ಯಾವಾಗ ಮಾತು ಕೊಟ್ಟೀನಿ?”

ಹಲಗೆಯವರು ಯಾರ ಮುಖ ನೋಡಬೇಕೆಂದು ತಿಳಿಯದೆ ಒಂದು ಕ್ಷಣ ಕೈ ತಡೆದರು. ಆಮೇಲೆ ಜ್ಯೋತಿ ಇದ್ದ ಕಡೆಗೇ ತಿರುಗಿ ಜೋರಾಗಿ ಬಾರಿಸಿದರು. ಶರಬತ್ತಿನ ಲೋಟ ಹಿಡಿದು ನಿಂತಿದ್ದ ಹೆಂಗಸರು ಲೋಟಗಳನ್ನು ಅಲ್ಲೇ ನೆಲಕ್ಕಿಟ್ಟು ಸಾಲು ಬಿಟ್ಟು ಬಂದರು. ಅಲ್ಲಿಯವರೆಗೆ ನಡೆದೇ ಬಂದಿದ್ದ ನಮ್ಮ ಅತ್ತೆ ಚಪ್ಪಲಿ ಕಳಚಿ ಒಗೆದು, ಬುದ್ಧವಿಹಾರದ ದಾರಿಯಲ್ಲಿ ಓಡತೊಡಗಿದರು. ಅವರ ಜೊತೆ ಹೆಜ್ಜೆ ಹಾಕಲು ನಾನು ಮಗನನ್ನು ಬಿಗಿಯಾಗಿ ಅಪ್ಪಿಕೊಂಡು ಓಡಬೇಕಾಯಿತು.