ಹುಣಸೆಹುಳಿಯಲ್ಲಿ ತೊಳೆದ ತೋಟಾಗಳು

ಅಂಗಳದಲ್ಲಿ ಪುಟ್ಟಪ್ಪನ ಹೆಣಕ್ಕೆ ನೀರು ಹೊಯ್ಯುತ್ತಿದ್ದರೆ, ಒಳಗೆ ಅವನ ತಮ್ಮನ ಮಗ ರಾಜಕುಮಾರ್ ಮಂಚದ ಕೆಳಗೆ ತಲೆ ತೂರಿಸಿ ತಡಕಾಡುತ್ತಿದ್ದ. ಬಾಗಿಲಲ್ಲಿ ನಿಂತ ಪುಟ್ಟಪ್ಪನ ಹೆಂಡತಿ ಮುನಿಲಕ್ಷ್ಮಿಗೆ ಮೈಯೆಲ್ಲ ಉರಿಯಿತು.

“ಏನ್ಲಾ ಉಡುಕ್ತಿದ್ದೀಯ?”

“ತೋಟಾ ಡಬ್ಬ, ದೊಡ್ಡಮ್ಮ. ಪಳನಿಯಪ್ಪನ್ ಅಯ್ಯಾ ಕೇಳ್ತಾವ್ರೆ. ಗುಂಡಿ ತಾವ ಕೋವೀಲಿ ಮೂರು ವೆಡಿ ಒಡೀಬೇಕಂತೆ. ಮಿಕ್ಕಿದ್ದು ಪೊಂಗಲ್ ಬೇಟೆಗೆ.”

“ನಿಮ್ ದೊಡ್ಡಪ್ಪನ ಎಣ ಇನ್ನೂ ಮನೆ ಬಿಟ್ಟಿಲ್ಲ. ಥೂ, ನಿನ್ ಬಾಳಿಗಿಷ್ಟು!”

ಅವನು ಉಗಿಸಿಕೊಂಡೇ ಡಬ್ಬ ಎಳೆದ. ಶಾಮಿಯಾನದ ಕೆಳಗೆ ಪಾಲಕೋಡಿನ ಟೊಮೆಟೊ ಮಂಡಿಯ ಪಳನಿಯಪ್ಪನ್ ಎಲೆಅಡಿಕೆ ಜಗಿಯುತ್ತಾ ಕೂತಿದ್ದ. “ನಮ್ಮ ಪುಟ್ಟಪ್ಪನ್ ಮಾದಿರಿ ಗುಂಡು ಕೂರ್ಸೋನು ಈ ಸೀಮೇಲೇ ಇಲ್ಲ. ವೆಡಿ ಒಡೆದು ಕಳಿಸೋದೇ ಮರ್ಯಾದೆ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಬಾಯಿಂದ ಕೆಂಪು ಎಂಜಲು ಹಾರುತ್ತಿತ್ತು.

“ಅಳು ತಾಯಿ. ವಾಯ್ ವಿಟ್ಟು, ಬಾಯ್ಬಿಟ್ಟು ಅಳು,” ಎಂದಳು ಪಕ್ಕದ ಮನೆಯ ರಮಾಮಣಿ.

ಮುನಿಲಕ್ಷ್ಮಿಗೆ ಅಳು ಬರಲಿಲ್ಲ. ಶಾಮಿಯಾನದ ಕಡೆಗೆ ಬೆನ್ನು ತಿರುಗಿಸಿ ನಿಂತಳು.

*

ಪುಟ್ಟಪ್ಪ ರಾಗಿ, ಟೊಮೆಟೊ ಬೆಳೆದುಕೊಂಡಿದ್ದ ಸಾಧಾರಣ ಮನುಷ್ಯ. ಪಳನಿಯಪ್ಪನ್ ರೈಫಲ್ಲಿನಲ್ಲಿ ಹಾರಿಸಿ ಬಿಟ್ಟ ತೋಟಾಗಳನ್ನು ಮತ್ತೆ ತುಂಬಿಕೊಡುವುದು ಅವನ ಕೈಕಸುಬು. ಮಸಿ ಹಿಡಿದ ಆ ಹಿತ್ತಾಳೆ ಚಿಪ್ಪುಗಳನ್ನು ಹುಣಸೆಹುಳಿ ಹಾಕಿ ತೊಳೆದು ಬಿಸಿಲಿಗೆ ಒಣಗಿಸುವುದು ಮುನಿಲಕ್ಷ್ಮಿಯ ಪಾಲಿನ ಕೆಲಸ. ದೇವರ ದೀಪ ಬೆಳಗುವ ಹುಣಸೆಯಲ್ಲೇ ಈ ಹೊಲಸನ್ನೂ ಬೆಳಗಬೇಕಲ್ಲ ಎಂದು ಅವಳಿಗೆ ಹೇಸಿಗೆ. “ಒಳ್ಗೆ ಒಂದ್ ತೊಟ್ಟು ನೀರಿದ್ರೂ ಮದ್ದು ಅತ್ತಲ್ಲ ಕಣೆ,” ಎಂದು ಅವನು ಪ್ರತಿಸಲ ಎಚ್ಚರಿಸುತ್ತಿದ್ದ.

ಹೋದ ವರ್ಷದ ಬೇಟೆಯಲ್ಲಿ ಪಳನಿಯಪ್ಪನ್ ಹಂದಿಯೆಂದು ಹಾರಿಸಿದ ಗುಂಡು ಸೌದೆಗೆ ಹೋಗಿದ್ದ ಊರಿನ ಹೆಂಗಸು ಮಾರಿಯಮ್ಮನಿಗೆ ಬಿತ್ತು. ಬಂಡೆಯಿಂದ ಜಾರಿ ಸತ್ತಳೆಂದು ಕತೆ ಕಟ್ಟಿ ಸುಟ್ಟುಬಂದರು. ಅದೇ ಸಂಜೆ ಪುಟ್ಟಪ್ಪನ ಪಾಲೆಂದು ಹಂದಿಮಾಂಸ ಮನೆಗೆ ಬಂತು. ಅವನು ಸುಮ್ಮನೆ ಕೂತು ತಿಂದ. ಮುನಿಲಕ್ಷ್ಮಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಂದಿನಿಂದ ಅವನ ಕೈ ಕಂಡರೂ ಅವಳಿಗೆ ಅಸಹ್ಯ.

ಈ ಸಲದ ಬೇಟೆಗೆಂದು ಮತ್ತೆ ಖಾಲಿ ತೋಟಾಗಳು ಬಂದವು. ಮಾರಿಯಮ್ಮನನ್ನು ಕೊಂದದ್ದೂ ಅವುಗಳಲ್ಲೇ ಇತ್ತೋ ಏನೋ. ಮುನಿಲಕ್ಷ್ಮಿ ತೊಳೆದಳು, ಆದರೆ ಬಿಸಿಲಿಗೆ ಹಾಕಲಿಲ್ಲ. ಮೇಲುಮೇಲೆ ಸೆರಗಿನಿಂದ ಒರೆಸಿ ತಂದು ಅವನ ಮುಂದೆ ಸುರಿದಳು. ಪುಟ್ಟಪ್ಪ ಒಂದನ್ನು ಎತ್ತಿ ಅಂಗೈ ಮೇಲೆ ಬೋರಲು ಹಾಕಿದ. ಹನಿ ನೀರು ಬಿತ್ತು. ತಲೆ ಎತ್ತಿ ಅವಳ ಮುಖ ನೋಡಿದ.

“ದನಕ್ಕೆ ನೀರಿಕ್ಕೋಗು,” ಎಂದ.

ಅವಳು ಕೊಟ್ಟಿಗೆಯಿಂದ ಬರುವಷ್ಟರಲ್ಲಿ ತೋಟಾಗಳೆಲ್ಲ ಮದ್ದು ತುಂಬಿ, ಗುಂಡು ಕೂರಿಸಿಕೊಂಡು ಸಾಲಾಗಿ ನಿಂತಿದ್ದವು. ಒಣಗಿಸಿ ತುಂಬಿದನೋ, ಒದ್ದೆಯಲ್ಲೇ ತುಂಬಿದನೋ? ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ವಾರದೊಳಗೆ ಎದೆನೋವೆಂದು ಮಲಗಿದವನು ಮತ್ತೆ ಏಳಲೇ ಇಲ್ಲ.

*

ಹೊಲದಂಚಿನ ಹುಣಸೆಮರದ ಕೆಳಗೆ ಗುಂಡಿ ತೋಡಿದ್ದರು. ಹೆಣ ಇಳಿಸಿ, ಉಪ್ಪು, ವಿಭೂತಿ ಸುರಿದರು. ಮುನಿಲಕ್ಷ್ಮಿ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಪಳನಿಯಪ್ಪನ್ ಎಲೆಅಡಿಕೆಯನ್ನು ಗುಂಡಿಯ ಮಣ್ಣಿನ ಮೇಲೇ ಉಗಿದು, ತೋಟಾ ತುಂಬಿ ರೈಫಲ್ ಎತ್ತಿದ.

ಗುಂಡು ಸಿಡಿದರೆ ತನ್ನ ಗಂಡನೂ ಅವರವನೇ ಅಂದುಕೊಂಡಳು. ಅಂಥವನಿಗೆ ಒಂದು ತೊಟ್ಟು ಕಣ್ಣೀರೂ ದಂಡ.

ಟಕ್.

ಪಳನಿಯಪ್ಪನ್ ಅದನ್ನು ತೆಗೆದು ಬಿಸಾಡಿ ಇನ್ನೊಂದು ತುಂಬಿದ. ಮತ್ತೆ ಟಕ್. ಮೂರನೆಯದೂ ಅಷ್ಟೇ. ರಾಜಕುಮಾರ್ ಡಬ್ಬದೊಳಗೆ ಬೆರಳಾಡಿಸಿ ಪೆಚ್ಚುಮೋರೆ ಹಾಕಿದ.

“ಸಾಯೋ ಕಾಲಕ್ಕೆ ಇವನ ಕೈ ಕೆಟ್ಟೋಗಿತ್ತು. ಎಲ್ಲಾ ವೇಸ್ಟ್!” ಎಂದು ಪಳನಿಯಪ್ಪನ್ ಡಬ್ಬವನ್ನು ಕಾಲಿನಿಂದ ಒದ್ದ.

ಹುಣಸೆಮರದ ತುಂಬ ಕೂತಿದ್ದ ಕಾಗೆಗಳು ಇಷ್ಟಕ್ಕೂ ಅಲುಗಿರಲಿಲ್ಲ. ಮುನಿಲಕ್ಷ್ಮಿ ಬದುವಿನ ಮೇಲೆ ಕುಸಿದು ಕೂತು, “ಅಯ್ಯೋ ನನ್ನಪ್ಪಾ!” ಎಂದು ಬಾಯಿಬಿಟ್ಟು ಕೂಗಿದಳು. ಆ ಕೂಗಿಗೆ ಕಾಗೆಗಳೆಲ್ಲ ದಡಬಡನೆ ಎದ್ದು ಹಾರಿದವು.